ಶೀಟಿಗೆ 200 ರೂಪಾಯಿ

ಚಿಕ್ಕಪ್ಪ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡಡಿ ಉದ್ದ, ಹೆಬ್ಬೆರಳಗಲದ ಪ್ಲೈವುಡ್ ಪಟ್ಟಿ. ವರ್ನಿಯರ್ ಹಚ್ಚಿದರೆ ಒಂದು ತುದಿ 21.3 ಮಿಲಿಮೀಟರ್, ಇನ್ನೊಂದು ತುದಿ 23.7. "ವ್ಯತ್ಯಾಸ ನಾಲ್ಕರಲ್ಲಿ ಭಾಗಿಸಪ್ಪ" ಅಂದರು. 0.6 ಬಂತು. "ಎರಡಡಿಗೆ 0.6 ಅಂದರೆ ಎಂಟಡಿಗೆ ಎಷ್ಟಾಯ್ತು? ಇಂಥದ್ದರಲ್ಲಿ ಬೀರುವಿನ ಬಾಗಿಲು ಕೊಯ್ದರೆ ಕೂರುತ್ತಾ?"

ನಾನು ಮಾತಾಡಲಿಲ್ಲ. ಆ ಮಷಿನ್‌ಗೆ ಹಿಂದಿನ ದಿನವೇ 20,000 ರೂಪಾಯಿ ಮುಂಗಡ ಕೊಟ್ಟುಬಿಟ್ಟಿದ್ದೆ.

ಮುಚ್ಚುತ್ತಿದ್ದ ಪೀಠೋಪಕರಣ ಘಟಕವೊಂದರ ಪ್ಯಾನೆಲ್ ಸಾ ಅದು. ಮೇಜಿನ ಎಡಭಾಗವೇ ಹಳಿಯ ಮೇಲೆ ಜಾರಿ ಶೀಟನ್ನು ಬ್ಲೇಡಿನ ಮುಂದೆ ಒಯ್ಯುವ ಗರಗಸ. ಚಿಕ್ಕಪ್ಪ ಮಾಡಿದ ಪರೀಕ್ಷೆ ಸರಳ. ಎರಡಡಿ ಚೌಕದ ತುಂಡು ತೆಗೆದುಕೊಂಡು, ಆಗಷ್ಟೇ ಕೊಯ್ದ ಅಂಚನ್ನು ಫೆನ್ಸಿಗೆ, ಅಂದರೆ ಶೀಟು ಒರಗುವ ಪಟ್ಟಿಗೆ, ಒತ್ತಿ, ತಿರುಗಿಸುತ್ತಾ ನಾಲ್ಕೂ ಬದಿ ಕೊಯ್ಯಬೇಕು. ಐದನೇ ಕೊಯ್ತಕ್ಕೆ ಬೀಳುವ ಪಟ್ಟಿಯಲ್ಲಿ ಮೂಲೆಯ ತಪ್ಪು ನಾಲ್ಕು ಪಟ್ಟಾಗಿ ಕಾಣುತ್ತದೆ. ಫೆನ್ಸ್ ಸೊಟ್ಟಗಿದ್ದರೆ ತಿದ್ದಬಹುದು. ಚಿಕ್ಕಪ್ಪ ಎರಡು ಸಲ ತಿದ್ದಿ ನೋಡಿದರು, ಎರಡು ಸಲವೂ ಬೇರೆ ಬೇರೆ ಅಳತೆ ಬಂತು. ಸವೆದದ್ದು ಹಳಿ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಮುಂಗಡದಲ್ಲಿ ಅರ್ಧ ವಾಪಸ್ಸು ಬಂತು, ಅರ್ಧ ಹೋಯಿತು.

ಚಿಕ್ಕಪ್ಪನ ಕಣ್ಣಿನ ಬಗ್ಗೆ ಒಂದು ಮಾತು ಹೇಳಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅವರು ಪ್ಯಾಟ್ರನ್ ಶಾಪಿನಲ್ಲಿದ್ದವರು. ಎರಕದ ಮರಳಿನಲ್ಲಿ ಅಚ್ಚು ಮೂಡಿಸಲು ಮೊದಲು ಮರದ ಮಾದರಿ ಬೇಕು, ಅದನ್ನು ಮಾಡುವುದು ಬಡಗಿ. ಉಕ್ಕು ಆರುವಾಗ ಸುಮಾರು ನೂರಕ್ಕೆ ಎರಡರಷ್ಟು ಕುಗ್ಗುತ್ತದೆ, ಹಾಗಾಗಿ ಒಂದು ಮೀಟರಿನ ಭಾಗಕ್ಕೆ ಮಾದರಿಯನ್ನು 20 ಮಿಲಿಮೀಟರ್ ದೊಡ್ಡದಾಗಿಯೇ ಮಾಡಬೇಕು. ಆ ಲೆಕ್ಕ ಸೇರಿಸಿಯೇ ಗೆರೆ ಕೊರೆದ ಸ್ಕೇಲು ಅವರ ಬಳಿ ಈಗಲೂ ಇದೆ. 1923ರಿಂದ ಕಬ್ಬಿಣ ಕರಗಿಸಿದ ಆ ಕಾರ್ಖಾನೆಯನ್ನು ಜನ ಕುಲುಮೆಯ ಹೊಗೆಯಿಂದ ನೆನೆಯುತ್ತಾರೆ. ನನಗೆ ನೆನಪಾಗುವುದು ಚಿಕ್ಕಪ್ಪನ ಅಂಗಿಯ ಮರದ ಪುಡಿಯ ವಾಸನೆ.

ನಾನಾದರೋ ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಮಷಿನ್‌ಗಳಿಗೆ ಸಾಲದ ಅರ್ಜಿ ಪರಿಶೀಲಿಸಿದವನು. ನಿವೃತ್ತಿಯಾದ ಮೇಲೆ ಹೊಳಲೂರಿನ ಮನೆಯ ಹಿಂದಿನ ಕೊಟ್ಟಿಗೆಗೆ ಸಿಮೆಂಟು ಹಾಕಿಸಿ ಮರಗೆಲಸ ಶುರುಮಾಡಿದೆ. ಮಕ್ಕಳ ಓದುವ ಮೇಜು, ಅಡುಗೆಮನೆಯ ಕಪಾಟು, ಕೇಳಿದವರಿಗೆ ಹಲಸಿನ ಮಣೆ. ಅರ್ಜಿ ತಂದವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ತಿಂಗಳಿಗೆ ಕೆಲಸ ಎಷ್ಟಿದೆ? ನನ್ನ ಮಷಿನ್ ವಿಷಯಕ್ಕೆ ಬಂದಾಗ ಆ ಪ್ರಶ್ನೆ ಕೇಳಿಕೊಳ್ಳದೆ ಮುಂಗಡ ಕೊಟ್ಟೆ. ಹತ್ತು ಸಾವಿರ ಹೋದ ಮೇಲೆ ಕಾಗದ ಪೆನ್ನು ಹಿಡಿದು ಕೂತೆ.

ಪ್ಯಾನೆಲ್ ಸಾ ಯಾಕೆ ಬೇಕು ಅನ್ನುವುದರಲ್ಲಿ ನನಗೆ ಗೊಂದಲವಿಲ್ಲ. ಜರ್ಮನಿಯ ವಿಲ್‌ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಈ ಜಾರುವ ಮೇಜನ್ನು ಕಂಡುಹಿಡಿದ, ಇವತ್ತಿನ ಮಷಿನ್‌ಗಳಲ್ಲೂ ಅದೇ ಮೂಲ ತತ್ವ. ಎಂಟು-ನಾಲ್ಕರ ಶೀಟನ್ನು ಒಬ್ಬನೇ ಕೊಯ್ಯಬಹುದು. ಕೈ ಬ್ಲೇಡಿನಿಂದ ದೂರ ಇರುತ್ತದೆ. ಮುಖ್ಯ ಬ್ಲೇಡಿನ ಮುಂದೆ ಇನ್ನೊಂದು ಪುಟ್ಟ ಸ್ಕೋರಿಂಗ್ ಬ್ಲೇಡ್ ಎದುರು ದಿಕ್ಕಿಗೆ ತಿರುಗುತ್ತಾ ಶೀಟಿನ ತಳದಲ್ಲಿ ಒಂದೆರಡು ಮಿಲಿಮೀಟರ್ ಆಳಕ್ಕೆ ಗೀರು ಹಾಕಿಕೊಡುತ್ತದೆ. ಮೈಕಾ ಹಚ್ಚಿದ ಬೋರ್ಡಿನ ಕೆಳಮೈ ಚಕ್ಕೆ ಏಳದಿರುವುದು ಅದರಿಂದ. ಮಾರ್ಬಲ್ ಕಟರಿಗೆ ಮರದ ಬ್ಲೇಡು ಸಿಕ್ಕಿಸಿ ಮೈಕಾ ಕೊಯ್ದವರಿಗೆ ಇದರ ಬೆಲೆ ಗೊತ್ತು.

ಹೊಸ ಮಷಿನ್‌ಗೆ ನನಗೆ ಸಿಕ್ಕ ಕೊಟೇಷನ್ 2,75,000. ಅದರ ಮೇಲೆ ಶೇ 18 ಜಿಎಸ್‌ಟಿ, 49,500. ಜಿಎಸ್‌ಟಿ ನೋಂದಣಿ ಇದ್ದವರಿಗೆ ಈ ತೆರಿಗೆ ಹೂಡುವಳಿ ಜಮೆಯಾಗಿ ಹಿಂದೆ ಸಿಗುತ್ತದೆ. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟದ ಸಣ್ಣವರು ಸಾಮಾನ್ಯವಾಗಿ ನೋಂದಣಿ ಮಾಡಿಸಿರುವುದಿಲ್ಲ, ಹಾಗಾಗಿ ಅದು ಪೂರ್ತಿ ಅವರ ಖರ್ಚೇ. ಸುಮಾರು 800 ಕಿಲೋ ತೂಕದ ಮಷಿನ್ ಲಾರಿಯಿಂದ ಇಳಿಸಬೇಕು, ಅಡಿಗೆ ಗಟ್ಟಿ ಕಾಂಕ್ರೀಟು ಬೇಕು, ಧೂಳು ಎಳೆಯುವ ಯಂತ್ರ ಬೇಕು. ಎಲ್ಲ ಕೂಡಿಸಿದಾಗ ನಾಲ್ಕು ಲಕ್ಷ ದಾಟಿತು.

ಆಮೇಲೆ ಕರೆಂಟು. ಮುಖ್ಯ ಮೋಟಾರು 7.5 ಎಚ್‌ಪಿ, ಸ್ಕೋರಿಂಗಿಗೆ 1, ಧೂಳಿನ ಯಂತ್ರಕ್ಕೆ 3. ಒಟ್ಟು 11.5 ಎಚ್‌ಪಿಗೆ ತ್ರೀಫೇಸ್ ಬೇಕು. "ತೋಟದ ಪಂಪಿಗೆ ತ್ರೀಫೇಸ್ ಇದೆಯಲ್ಲ, ಅಲ್ಲಿಂದಲೇ ಒಂದು ವೈರ್ ಎಳೆದರಾಯ್ತು" ಅಂತ ಹೇಳಿದವರು ಒಬ್ಬರಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ಕೊಡುವ ಕರೆಂಟಿನಲ್ಲಿ ಮಷಿನ್ ಓಡಿಸುವುದು ಕಳ್ಳತನ, ಸಿಕ್ಕರೆ ದಂಡ. ಅದಲ್ಲದೆ ಆ ಲೈನಿನಲ್ಲಿ ತ್ರೀಫೇಸ್ ಬರುವುದೇ ದಿನಕ್ಕೆ ಕೆಲವು ಗಂಟೆ. ಗೃಹಜ್ಯೋತಿಯ ಉಚಿತ ಕರೆಂಟೂ ಇದಕ್ಕಲ್ಲ, ಅದು ಮನೆಬಳಕೆಗೆ ಮಾತ್ರ. ವರ್ಕ್‌ಶಾಪಿಗೆ ಮೆಸ್ಕಾಂನಿಂದ ಪ್ರತ್ಯೇಕ ಆರ್‌ಆರ್ ನಂಬರಿನ ಕೈಗಾರಿಕಾ ಸಂಪರ್ಕ ತೆಗೆದುಕೊಳ್ಳಬೇಕು, ಠೇವಣಿ ಕಟ್ಟಬೇಕು. ಅಲ್ಲಿ ಮಷಿನ್ ಓಡಲಿ ಬಿಡಲಿ, ಮಂಜೂರಾದ ಲೋಡಿನ ಲೆಕ್ಕದಲ್ಲಿ ತಿಂಗಳು ತಿಂಗಳು ನಿಗದಿತ ಶುಲ್ಕ ಬರುತ್ತದೆ. ಮಳೆಗಾಲದಲ್ಲಿ ಕೆಲಸವಿಲ್ಲದೆ ಬಾಗಿಲು ಹಾಕಿದ ತಿಂಗಳಿನಲ್ಲೂ.

ಇನ್ನು ಜಾಗ. ಇದನ್ನು ಮಾರುವವರು ತಾವಾಗಿ ಹೇಳಲಿಲ್ಲ, ನಾನೂ ಮೊದಲಿಗೆ ಕೇಳಲಿಲ್ಲ. 3,200 ಮಿಲಿಮೀಟರಿನ ಹಳಿ ಅಂದರೆ ಹತ್ತೂವರೆ ಅಡಿ. ಶೀಟು ಬ್ಲೇಡಿನ ಹಿಂದೆ ಅಷ್ಟು ದೂರದಿಂದ ಹೊರಟು ಮುಂದೆ ಅಷ್ಟೇ ದೂರ ಹೋಗಿ ನಿಲ್ಲಬೇಕು. ಇಪ್ಪತ್ತೊಂದು ಅಡಿ, ಜೊತೆಗೆ ಆಳು ನಿಲ್ಲುವ ಜಾಗ. ನನ್ನ ಕೊಟ್ಟಿಗೆ 20 ಅಡಿ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು, ಖಾಲಿ ಶೀಟು ಹಿಡಿದು ನಡೆದು ನೋಡಿದೆ. ಶೀಟಿನ ಮೂಲೆ ಗೋಡೆಗೆ ತಾಗಿತು. ನಾಲ್ಕೈದು ಅಡಿ ಹಳಿಯ ಚಿಕ್ಕ ಮಷಿನ್‌ಗಳೂ ಇವೆ. ಗಟ್ಟಿಮರದ ಅಡ್ಡಕೊಯ್ತಕ್ಕೆ ಅವು ಚೆನ್ನ. ಆದರೆ ಎಂಟಡಿ ಶೀಟನ್ನು ಉದ್ದಕ್ಕೆ ಅವುಗಳ ಹಳಿಯ ಮೇಲೆ ಸೀಳಲಾಗುವುದಿಲ್ಲ, ಪ್ಯಾನೆಲ್ ಸಾ ಬೇಕೆಂದದ್ದೇ ಅದಕ್ಕೆ.

ಅಷ್ಟರಲ್ಲಿ ಶಿವಮೊಗ್ಗದ ಗೆಳೆಯರೊಬ್ಬರು ದಾರಿ ತೋರಿಸಿದರು. ಪ್ಲೈವುಡ್ಡನ್ನು ನಾನು ಕೊಳ್ಳುವುದು ಹೇಗೂ ಪೇಟೆಯಲ್ಲೇ. ಅಂಗಡಿಯಿಂದ ಸ್ವಲ್ಪ ದೂರದಲ್ಲೇ ಪ್ಯಾನೆಲ್ ಸಾ ಇಟ್ಟುಕೊಂಡು ಕೂಲಿಗೆ ಕೊಯ್ದುಕೊಡುವವರಿದ್ದಾರೆ. ಒಂದು ಶೀಟಿಗೆ 200 ರೂಪಾಯಿ. ಅಳತೆಯ ಪಟ್ಟಿ ಬರೆದುಕೊಟ್ಟರೆ ಸಂಜೆಗೆ ತುಂಡುಗಳು ತಯಾರು. ಇಡೀ ಶೀಟನ್ನು ಹೊನ್ನಾಳಿ ರಸ್ತೆಯ ಗಾಳಿಯಲ್ಲಿ ಗೂಡ್ಸ್ ಆಟೋಗೆ ಹಗ್ಗ ಕಟ್ಟಿ ತರುವುದಕ್ಕಿಂತ ಕೊಯ್ದ ತುಂಡು ತರುವುದು ಸುಲಭ, ಸಾಗಾಣಿಕೆಗೆ ಹೆಚ್ಚಿನ ಖರ್ಚೂ ಇಲ್ಲ.

ಬ್ಯಾಂಕಿನವನ ಲೆಕ್ಕ ಈಗ ಬಂತು. ಮೂರು ಲಕ್ಷ ಸಾಲ, ಶೇ 11 ಬಡ್ಡಿ, ಮೂರು ವರ್ಷ. ತಿಂಗಳ ಕಂತು ಸುಮಾರು 9,820 ರೂಪಾಯಿ. ಶೀಟಿಗೆ 200ರಂತೆ ಉಳಿಸಿದರೂ ಕಂತಿಗಷ್ಟೇ ಸುಮಾರು 49 ಶೀಟು ಬೇಕು. ಬ್ಲೇಡಿನ ಸಾಣೆ, ಕರೆಂಟು ಸೇರಿದರೆ 55. ದಿನಕ್ಕೆ ಎರಡು ಶೀಟು, ತಿಂಗಳಿಡೀ ತಪ್ಪದೆ. ನನ್ನ ಕೆಲಸ ತಿಂಗಳಿಗೆ ಒಂಬತ್ತು ಶೀಟು, ಅಂದರೆ 1,800 ರೂಪಾಯಿ ಕೂಲಿ. ಸಾಲ ಬೇಡ, ಗ್ರ್ಯಾಚುಟಿ ದುಡ್ಡನ್ನೇ ಹಾಕುತ್ತೇನೆ ಅಂದುಕೊಂಡೂ ನೋಡಿದೆ. ನಾಲ್ಕು ಲಕ್ಷ ಠೇವಣಿಗೆ ಶೇ 7ರಂತೆ ತಿಂಗಳಿಗೆ 2,333 ಬಡ್ಡಿ ಬರುತ್ತದೆ. ಆ ಬಡ್ಡಿಯಲ್ಲೇ ಕೂಲಿ ಕೊಟ್ಟು 500 ರೂಪಾಯಿ ಮಿಗುತ್ತದೆ, ಅಸಲು ಹಾಗೇ ಇರುತ್ತದೆ.

ಹೊಟ್ಟೆಪಾಡಿಗೇ ಮರಗೆಲಸ ಮಾಡುವವರ ಲೆಕ್ಕ ಬೇರೆ. ತಿಂಗಳಿಗೆ 60 ಶೀಟು ದಾಟುವ ಬಡಗಿ ತಡಮಾಡಬಾರದು ಅನ್ನುತ್ತೇನೆ. ಅಂಥವರು 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯನ್ನು ಕೇಳಿ ನೋಡಲಿ. ಅದರ 18 ಕಸುಬುಗಳಲ್ಲಿ ಬಡಗಿತನವೂ ಇದೆ. ಶೇ 5 ಬಡ್ಡಿಗೆ ಅಡಮಾನವಿಲ್ಲದೆ ಮೊದಲು ಒಂದು ಲಕ್ಷ, ಅದನ್ನು ಸರಿಯಾಗಿ ತೀರಿಸಿದವರಿಗೆ ಮತ್ತೆ ಎರಡು ಲಕ್ಷ, ಉಪಕರಣಕ್ಕೆ 15,000ದ ವೋಚರ್. ಶೇ 11 ಎಲ್ಲಿ, ಶೇ 5 ಎಲ್ಲಿ. ಇನ್ನೊಂದು, ದುಂಡುಮರ ತಂದು ಸೀಳುವ ಆಲೋಚನೆ ಇದ್ದರೆ ಅದು ಸಾಮಿಲ್ ಆಗುತ್ತದೆ, ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. ಮಷಿನ್ ತರುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿಬನ್ನಿ.

ನಾನು ಕೊಂಡದ್ದು ಹತ್ತಿಂಚು ಬ್ಲೇಡಿನ ಟೇಬಲ್ ಸಾ. ಸಿಂಗಲ್ ಫೇಸ್, ಸ್ಟ್ಯಾಂಡ್, ಜಿಎಸ್‌ಟಿ ಸೇರಿ 52,000. ಸೀಳಲು 24 ಹಲ್ಲಿನದು, ಅಡ್ಡ ಕೊಯ್ಯಲು 60 ಹಲ್ಲಿನದು, ಎರಡು ಒಳ್ಳೆಯ ಬ್ಲೇಡಿಗೆ 6,500. ಧೂಳು ಎಳೆಯುವ ವ್ಯಾಕ್ಯೂಮಿಗೆ 18,000. ಈ ಕೊನೆಯದನ್ನು ದುಂದು ಅಂದವರಿದ್ದಾರೆ. ಮರದ ಧೂಳು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿ ಮಾಡಿದೆ. ಚಿಕ್ಕಪ್ಪನ ಕೆಮ್ಮು ಕೇಳಿ ಬೆಳೆದ ನನಗೆ ಅದು ದುಂದು ಅನ್ನಿಸಲಿಲ್ಲ.

ಜಾರುವ ಮೇಜಿನ ಕೆಲಸಕ್ಕೆ ಸ್ಲೆಡ್ ಮಾಡಿಕೊಂಡೆ. ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡಿನ ಹಲಗೆ, ಅಡಿಯಲ್ಲಿ ಮೇಜಿನ ಗಾಡಿಗೆ ಕೂರುವಂತೆ ಹೊನ್ನೆ ಮರದ ಎರಡು ಪಟ್ಟಿ, ಹಿಂದೆ ನೆಟ್ಟಗಿನ ಒರಗು. ಪಟ್ಟಿಗೆ ಮೇಣ ಸವರಿದರೆ ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತದೆ. ಒರಗನ್ನು ಕೂರಿಸಿದ್ದು ಚಿಕ್ಕಪ್ಪ. ಐದು ಕೊಯ್ತದ ಪರೀಕ್ಷೆ ಮೂರು ಸಲ ಮಾಡಿ, ಪ್ರತಿ ಸಲ ಒಂದೊಂದು ಕೂದಲೆಳೆ ಸರಿಸಿ, ಕಡೆಗೆ ಪಟ್ಟಿಯ ಎರಡು ತುದಿಗಳ ವ್ಯತ್ಯಾಸವನ್ನು 0.2ಕ್ಕೆ ತಂದರು. ನಾಲ್ಕರಿಂದ ಭಾಗಿಸಿದರೆ 0.05. ಅವರ ಕೈ ಈಗ ನಡುಗುತ್ತದೆ. ಸ್ಕ್ರೂ ಬಿಗಿ ಮಾಡುವ ಹೊತ್ತಿನಲ್ಲಿ ಮಾತ್ರ ನಡುಗಲಿಲ್ಲ.

ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ಉಕ್ಕಿನ ಫಲಕವನ್ನು ನಾನು ತೆಗೆಯುವುದಿಲ್ಲ. ಸೀಳಿದ ಮರ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿದರೆ ತುಂಡು ಎದೆಗೆ ಬರುತ್ತದೆ, ಕೈ ಬ್ಲೇಡಿನ ಕಡೆ ಹೋಗುತ್ತದೆ. ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿಟ್ಟ ವರ್ಕ್‌ಶಾಪುಗಳನ್ನು ಕಂಡಿದ್ದೇನೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದೆಯಲ್ಲ ಅನ್ನುವವರು ಷರತ್ತು ಓದಲಿ. ಇಡೀ ಕೈ, ಕಾಲು ಅಥವಾ ಒಂದು ಕಣ್ಣು ಹೋದರೆ ಒಂದು ಲಕ್ಷ. ಒಂದು ಬೆರಳಿಗೆ ಏನೂ ಇಲ್ಲ.

ದೊಡ್ಡ ಮಷಿನಿನ ಆಸೆ ನನಗೆ ಹೋಗಿಲ್ಲ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 4,000ದ ಆರ್‌ಡಿ ಶುರುಮಾಡಿದ್ದೇನೆ. ಶೇ 6.7ರಂತೆ ಐದು ವರ್ಷಕ್ಕೆ ಸುಮಾರು 2,85,000 ಕೈಗೆ ಬರುತ್ತದೆ. ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಕೆಳಗೆ ಕೊಯ್ಸಿದ ಶೀಟುಗಳ ಲೆಕ್ಕ ಬರೆಯುತ್ತೇನೆ: ಒಂಬತ್ತು, ಏಳು, ಹನ್ನೊಂದು, ಹೋದ ತಿಂಗಳು ಹದಿನಾಲ್ಕು. ಮೊನ್ನೆ ಬಂದಿದ್ದ ಚಿಕ್ಕಪ್ಪ ಕನ್ನಡಕ ಏರಿಸಿ ಅದನ್ನು ಓದಿದರು. ಪೆನ್ಸಿಲು ತೆಗೆದುಕೊಂಡು ಕ್ಯಾಲೆಂಡರಿನ ನೆತ್ತಿಯ ಮೇಲೆ 55 ಎಂದು ಬರೆದು, ಸುತ್ತ ಒಂದು ಗುಂಡು ಸುತ್ತಿದರು.