ಯಂತ್ರ ಸಿದ್ಧವಾಯಿತು, ಮನಸ್ಸು?

ಮೂಡುಬಿದಿರೆಯ ಮಿಜಾರು, ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಡಿಕೆ ಸುಲಿಯುವ ಯಂತ್ರ, ಔಷಧಿ ಬಿಡುವ ಡ್ರೋನ್‌ನಂಥ ಒಳ್ಳೆಯ ಪ್ರಾಜೆಕ್ಟ್‌ಗಳು ವೈವಾ ಮುಗಿದ ಮೇಲೆ ಲ್ಯಾಬಿನ ಮೂಲೆ ಸೇರಿದರೆ ಸಂಕಟವಾಗುತ್ತದೆ. ಅಲ್ಲಿಂದ ಮುಂದೆ ಹೋಗಿ ಸ್ವಂತ ಉದ್ಯಮ ಕಟ್ಟಲು ಸೋಲು, ಸಿಟ್ಟು, ಅಂಜಿಕೆಗಳನ್ನು ನಿಭಾಯಿಸುವ ಅಭ್ಯಾಸ ಬೇಕು. ಅದನ್ನು ಓದುತ್ತಿರುವಾಗಲೇ ರೂಢಿಸಿಕೊಳ್ಳಬಹುದು.

ಮೊದಲು ರಿಂಗ್ ಎಸೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಅಧ್ಯಯನಗಳಿಂದ ಹೆಸರಾದ ಆಟವಿದು. ಸಾಧಿಸುವ ತುಡಿತವನ್ನು ತರಬೇತಿಯಿಂದ ಬೆಳೆಸಬಹುದೇ ಎಂದು ಅವರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳ ನಡುವೆ ಪರೀಕ್ಷಿಸಿದ್ದರು. ನೆಲದಲ್ಲೊಂದು ಗೂಟ ನೆಡಿ, ಒಂದೊಂದು ಅಡಿಗೂ ಗೆರೆ ಎಳೆಯಿರಿ. ದೂರ ಹೆಚ್ಚಿದಂತೆ ಅಂಕವೂ ಹೆಚ್ಚಲಿ. ಎಲ್ಲಿಂದ ಎಸೆಯುತ್ತೀರಿ, ಎಷ್ಟು ಅಂಕ ಗಳಿಸುತ್ತೀರಿ ಎಂದು ಮೊದಲೇ ಹೇಳಿ, ಗೆಳೆಯರೊಬ್ಬರು ಬರೆದುಕೊಳ್ಳಲಿ. ಗುರಿ ತಪ್ಪಿದ ಮೇಲಿನ ಎಸೆತವನ್ನು ಗಮನಿಸಿ. ಹಟಕ್ಕೆ ಬಿದ್ದು ಇನ್ನೂ ಹಿಂದೆ ಸರಿದಿರಾ? ಹೆದರಿ ಗೂಟದ ಬುಡಕ್ಕೇ ಬಂದಿರಾ? ಸಾಧಿಸುವ ತುಡಿತ ಹೆಚ್ಚಿರುವವರು ಸಾಮಾನ್ಯವಾಗಿ ಕಷ್ಟವಾದರೂ ಎಟುಕುವ ನಡುವಿನ ದೂರವನ್ನು ಆರಿಸುತ್ತಾರೆ ಎಂಬುದು ಮೆಕ್‌ಕ್ಲೆಲೆಂಡ್ ಕಂಡುಕೊಂಡದ್ದು. ಉದ್ಯಮಕ್ಕೆ ತೆಗೆಯುವ ಸಾಲದ ಮೊತ್ತ ನಿರ್ಧರಿಸುವಾಗಲೂ ಇದೇ ವಿವೇಕ ಬೇಕು.

ಬಳಿಕ ಅಡಿಕೆ ಬೆಳೆಯುವವರ ತೋಟಕ್ಕೆ ಹೋಗಿ. ಯಂತ್ರ ತೋರಿಸುವ ಆತುರ ಬೇಡ. "ಇದನ್ನು ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ ನಮ್ಮೂರಿನ ಹಿರಿಯರು ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. "ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಬಿಡಲು ಜನ ಸಿಕ್ಕಿದರಾ? ಎಷ್ಟು ಖರ್ಚಾಯಿತು?" ಎಂದು ತುಳುವಿನಲ್ಲೋ ಬ್ಯಾರಿಯಲ್ಲೋ ಅವರ ಮನೆಮಾತಿನಲ್ಲೇ ಕೇಳಿ. ಅವರು ಮುಗಿಸುವವರೆಗೆ ಬಾಯಿ ಹಾಕಬೇಡಿ. ಬೇಡ ಎಂದರೆ ವಾದಕ್ಕಿಳಿಯದೆ ಕಾರಣ ಬರೆದುಕೊಳ್ಳಿ. ಪ್ರಾಜೆಕ್ಟ್ ತಿದ್ದಲು ಅದಕ್ಕಿಂತ ಒಳ್ಳೆಯ ಟಿಪ್ಪಣಿ ಸಿಗದು.

ತಂಡದ ಲೆಕ್ಕ ಬರೆದಿಡಿ. ಎಂಜಿನಿಯರಿಂಗ್ ಮತ್ತು ಎಂಬಿಎ ವಿದ್ಯಾರ್ಥಿಗಳು ಜತೆಯಾದರೆ ಬಲ ಹೆಚ್ಚು, ಮುನಿಸೂ ಹೆಚ್ಚು. ಯಾರ ಹಣ ಎಷ್ಟು, ಯಾರ ಕೆಲಸ ಯಾವುದು, ಮಧ್ಯದಲ್ಲಿ ಒಬ್ಬರಿಗೆ ಕ್ಯಾಂಪಸ್ ನೇಮಕಾತಿ ಆದರೆ ಏನು ಎಂಬುದು ಸ್ನೇಹ ಚೆನ್ನಾಗಿರುವಾಗಲೇ ಕಾಗದದಲ್ಲಿರಲಿ. ಸಿಟ್ಟು ಬಂದ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರಿಸಬೇಡಿ, ಮರುದಿನ ಎದುರೆದುರು ಕುಳಿತು ಮಾತಾಡಿ.

ಮನೆಯವರ ಭಯವನ್ನು ಕೇಳಿಸಿಕೊಳ್ಳಿ. ಶಿಕ್ಷಣ ಸಾಲದ ಕಂತು ತಲೆಯ ಮೇಲಿರುವಾಗ ಅಪ್ಪ ಅಮ್ಮ ಹೆದರುವುದು ಸಹಜ. ಎಷ್ಟು ತಿಂಗಳು ಪ್ರಯತ್ನಿಸುತ್ತೀರಿ, ಆಗದಿದ್ದರೆ ಏನು ಮಾಡುತ್ತೀರಿ ಎಂದು ಅಂಕಿ ಸಮೇತ ಹೇಳಿ.

ಉಜಿರೆಯ ರುಡ್‌ಸೆಟ್ ಸಂಸ್ಥೆಗೊಮ್ಮೆ ಹೋಗಿ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆಯಿದು. ದೇಶದ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಇದೇ ಮಾದರಿ. ಊಟ, ವಸತಿ ಸಹಿತ ಉಚಿತ ತರಬೇತಿಯಲ್ಲಿ ಕಸುಬಿನ ಜತೆ ಆತ್ಮವಿಶ್ವಾಸ ಬೆಳೆಸುವ ಪಾಠಗಳೂ ಇರುತ್ತವೆ. ಯಾವ ತರಬೇತಿ ಯಾವಾಗ, ಅರ್ಹತೆ ಏನು ಎಂದು ಕಚೇರಿಯಲ್ಲೇ ವಿಚಾರಿಸಿ. ಅಲ್ಲಿ ಕಲಿತು ಸ್ವಂತ ಉದ್ಯೋಗ ಕಟ್ಟಿದ ಒಬ್ಬರ ಪರಿಚಯ ಮಾಡಿಸಿಕೊಡಲು ಕೇಳಿ. ಅವರ ಜತೆ ಕುಳಿತಾಗ ಲಾಭದ ಮಾತು ಆಮೇಲಿರಲಿ, ಮೊದಲ ವರ್ಷ ಗಿರಾಕಿ ಬಾರದ ದಿನಗಳಲ್ಲಿ ಏನು ಮಾಡಿದಿರಿ ಎಂದು ಕೇಳಿ.