ಹಾಜರಿ ಪುಸ್ತಕವಿಲ್ಲದ ಕಡೆ

ಈ ವರ್ಷ ಯುವಜನರ ಸಂಸ್ಥೆಯಾದ ಜೇಸಿಯ ಘಟಕದ ಅಧ್ಯಕ್ಷತೆ ನಿನ್ನ ಪಾಲಿಗೆ ಬಂದಿದೆ ಎಂದು ಕೇಳಿ ಸಂತೋಷವಾಯಿತು. ಪದಗ್ರಹಣ, ಶಾಲು, ಹೊಗಳಿಕೆ ಎಲ್ಲ ಮುಗಿಯಿತಲ್ಲ, ಇನ್ನು ನನ್ನ ನಾಲ್ಕು ಮಾತು ಕೇಳು.

ಕಚೇರಿಯಲ್ಲಿ ಕೈಕೆಳಗಿನವರು ನಿನ್ನ ಮಾತು ಕೇಳುತ್ತಾರೆ. ಗೌರವಕ್ಕೋ, ಬಡ್ತಿಯ ಹಾಳೆಯ ಮೇಲೆ ನೀನು ಹಾಕುವ ಸಹಿಗೋ, ನಿನಗೇ ತಿಳಿಯದು. ಇಲ್ಲಿ ಆ ಗೊಂದಲವಿಲ್ಲ. ಬ್ಯಾಂಕಿನವನು, ಸಾಫ್ಟ್‌ವೇರ್‌ನವಳು, ಮೆಡಿಕಲ್ ಅಂಗಡಿಯವನು ಭಾನುವಾರದ ನಿದ್ದೆ ಬಿಟ್ಟು ಬರುತ್ತಾರೆ. ಬೇಡವೆನಿಸಿದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಹೆಬ್ಬೆರಳು ತೋರಿಸಿ ಮನೆಯಲ್ಲೇ ಉಳಿಯುತ್ತಾರೆ. ಸಂಬಳ ಕಡಿಯುವ ಹಾಗಿಲ್ಲ, ನೋಟಿಸು ಕೊಡುವ ಹಾಗಿಲ್ಲ. ಎರಡನೇ ಸಲ ಅವರು ಬಂದರೆ ಮಾತ್ರ ನೀನು ನಾಯಕ.

ರಕ್ತದಾನ ಶಿಬಿರವನ್ನೇ ನೋಡು. ಹೊಸ ಅಧ್ಯಕ್ಷರಿಗೆಲ್ಲ ಒಂದೇ ಆಸೆ: ಒಂದೇ ದಿನ ಇನ್ನೂರು ಯೂನಿಟ್, ಮರುದಿನ ಪತ್ರಿಕೆಯಲ್ಲಿ ಫೋಟೋ. ಆದರೆ ಬೇರ್ಪಡಿಸಿದ ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಉಳಿಯುತ್ತದೆ, ಪ್ಲೇಟ್‌ಲೆಟ್ ಐದೇ ದಿನ. ಒಮ್ಮೆ ಕೊಟ್ಟ ಗಂಡಸು 90 ದಿನ, ಹೆಂಗಸು 120 ದಿನ ಮತ್ತೆ ಕೊಡುವಂತಿಲ್ಲ. ನೀನು ಇಡೀ ಊರಿನ ರಕ್ತವನ್ನು ಒಂದೇ ಭಾನುವಾರ ಬಸಿದುಬಿಟ್ಟರೆ, ಮುಂದಿನ ತಿಂಗಳು ಡೆಂಗಿ ಬಂದಾಗ ರಕ್ತನಿಧಿಯವರು ಯಾರಿಗೆ ಫೋನು ಮಾಡಬೇಕು? ಆದ್ದರಿಂದ ಬ್ಯಾನರ್ ಅಚ್ಚುಹಾಕಿಸುವ ಮೊದಲು ರಕ್ತನಿಧಿಗೆ ಹೋಗಿ, ಯಾವಾಗ ಬೇಕು, ಎಷ್ಟು ಬೇಕು ಎಂದು ಕೇಳು. ಅವರು ನಲವತ್ತು ಸಾಕು ಎಂದರೆ ನಲವತ್ತೇ ಸಾಕು. ಉಳಿದವರ ಹೆಸರು, ಗುಂಪು ಬರೆದಿಟ್ಟುಕೋ. ವರದಿಯಲ್ಲಿ ಸಣ್ಣದಾಗಿ ಕಂಡರೆ ಕಾಣಲಿ.

ಶಿಬಿರದ ದಿನ ಇನ್ನೊಂದನ್ನು ಗಮನಿಸು. ಹಿಮೋಗ್ಲೋಬಿನ್ 12.5 ಗ್ರಾಂ ಇಲ್ಲದವರನ್ನು ವಾಪಸ್ ಕಳಿಸುತ್ತಾರೆ. ಧೈರ್ಯ ಮಾಡಿ ಬಂದ ಕಾಲೇಜು ಹುಡುಗಿಯರು ಮುಖ ಸಣ್ಣದು ಮಾಡಿಕೊಂಡು ಹೊರಡುವುದು ಆಗಲೇ. ಶಾಸಕರು ಬಂದರೆಂದು ಎಲ್ಲರೂ ಬಾಗಿಲಿಗೆ ಓಡಿದಾಗ ಅಂಥ ಹುಡುಗಿಯ ಪಕ್ಕ ಕೂತು, ಇದು ಸೋಲಲ್ಲ, ವೈದ್ಯರಿಗೆ ತೋರಿಸಿಕೋ ಎನ್ನುವ ಸದಸ್ಯರೊಬ್ಬರು ಪ್ರತಿ ಘಟಕದಲ್ಲೂ ಇರುತ್ತಾರೆ. ಅವರಿಗೆ ಪದವಿಯಿರುವುದಿಲ್ಲ. ಅವರು ಯಾರೆಂದು ಪತ್ತೆಹಚ್ಚಿ ಸಲಹೆ ಕೇಳು. ವೇದಿಕೆಯ ಮೇಲೆ ಕರೆದು ಸನ್ಮಾನ ಮಾಡಿಬಿಡಬೇಡ, ಅಂಥವರಿಗೆ ಅದು ಶಿಕ್ಷೆ.

ಜೇಸಿ ತರಬೇತಿಯಲ್ಲಿ ಕಲಿತ ಭಾಷಣಕಲೆ ಒಳ್ಳೆಯದೇ. ನನಗೂ ಮೈಕಿನ ಭಯ ಬಿಡಿಸಿದ್ದು ಅದೇ. ಆದರೆ ಬೇರೆಯವರ ಗತ್ತನ್ನು ಎರವಲು ತರಬೇಡ. ನಿನ್ನ ಜೊತೆ ಪಾತ್ರೆ ತೊಳೆದ ಗೆಳೆಯರು ಎರಡನೇ ವಾಕ್ಯಕ್ಕೇ ನಕ್ಕುಬಿಡುತ್ತಾರೆ. ಮಾತು ಕಡಿಮೆಯಿರುವವರು ಕಡಿಮೆಯೇ ಆಡಲಿ, ಲೆಕ್ಕ ಮಾತ್ರ ಪೈಸೆ ಪೈಸೆಗೂ ತೋರಿಸಲಿ.

ಈ ಸಂಸ್ಥೆಯ ನಿಯಮಗಳಲ್ಲಿ ನನಗೆ ಹಿಡಿಸಿದ್ದು ಎರಡು. 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ಗೀಸೆನ್‌ಬಿಯರ್ ಎಂಬ ಬ್ಯಾಂಕ್ ನೌಕರ ಯುವಕರನ್ನು ಕಟ್ಟಿಕೊಂಡು ಶುರುಮಾಡಿದ ಈ ಚಳವಳಿಯಲ್ಲಿ ಇಂದಿಗೂ ನಲವತ್ತಕ್ಕೆ ಸದಸ್ಯತ್ವ ಮುಗಿಯುತ್ತದೆ, ಅಧ್ಯಕ್ಷತೆ ವರ್ಷಕ್ಕೆ ಮುಗಿಯುತ್ತದೆ. ನಮ್ಮ ರಾಜಕಾರಣಿಗಳಿಗೂ ಇದನ್ನು ಹಚ್ಚಬಹುದಿತ್ತು, ಇರಲಿ. ನಿನ್ನ ಅವಧಿ ಮುಗಿಯುವ ಡಿಸೆಂಬರ್‌ಗೆ ಕಾಯದೆ, ಅಕ್ಟೋಬರ್‌ನಿಂದಲೇ ಮುಂದಿನವರನ್ನು ಜೊತೆಗೆ ಕರೆದುಕೊಂಡು ಓಡಾಡು. ದಾನಿಗಳ ಪಟ್ಟಿ, ಖರ್ಚಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಕೈಗೆ ಕೊಡು. ಜನವರಿಯಲ್ಲಿ ಅವರು ನಿನ್ನ ಕಾರ್ಯಕ್ರಮವೊಂದನ್ನು ಕೈಬಿಟ್ಟರೆ ಫೋನು ಮಾಡಿ ಯಾಕೆಂದು ಕೇಳಬೇಡ. ಕುರ್ಚಿ ಹೊರಲು ಜನ ಸಾಲದೆಂದು ಅವರೇ ಕರೆದರೆ ಹೋಗು.