ಸುಳಿ ನೊಣ ಮತ್ತು ನಮ್ಮ ಬೀಜದ ಜೋಳ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ತಾಲೂಕಿನಲ್ಲಿ ಎರೆ ಹೊಲ ಬಹಳ. ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತೇವೆ. ಜೋಳ ಬಂದರೆ ನಮಗೆ ರೊಟ್ಟಿ, ದನಕ್ಕೆ ಕಣಿಕೆ. ಜೋಳ ಹೋದರೆ ಎರಡೂ ಹೋದವು.

ಬಿತ್ತಿ ಎರಡು ಮೂರು ವಾರ ಆದ ಮೇಲೆ ಹೊಲಕ್ಕೆ ಹೋಗಿ ನೋಡ್ರಿ. ಕೆಲವು ಸಸಿಗಳ ನಡುವಿನ ಸುಳಿ ಒಣಗಿರುತ್ತದೆ. ಜಗ್ಗಿದರೆ ಸಲೀಸಾಗಿ ಕಿತ್ತು ಬರುತ್ತದೆ. ಕೊಳೆತ ವಾಸನೆ ಬರುತ್ತದೆ. "ಯಾರದೋ ದೃಷ್ಟಿ ತಾಗಿತು" ಅಂತೀವಿ. ಅದು ದೃಷ್ಟಿ ಅಲ್ಲ. ಸುಳಿ ನೊಣದ ಕಾಟ.

ಈ ನೊಣ ನಮ್ಮ ಮನೆಯ ನೊಣಕ್ಕಿಂತ ಸಣ್ಣದು. ಎಲೆಯ ಕೆಳಮೈಗೆ ಬಿಳಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹುಳು ಬರುತ್ತದೆ. ಎಲೆಯ ಮೇಲಿನ ತೇವದಲ್ಲಿ ಜಾರುತ್ತಾ ಸುಳಿಯೊಳಗೆ ಇಳಿಯುತ್ತದೆ. ಸುಳಿಯ ಬುಡವನ್ನೇ ಕತ್ತರಿಸುತ್ತದೆ. ಸಸಿ ಮೊಳೆತು ಒಂದು ವಾರದಿಂದ ಒಂದು ತಿಂಗಳವರೆಗೆ ಇದರ ಭಯ ಹೆಚ್ಚು.

ಎಲ್ಲ ಜೋಳಕ್ಕೂ ಹುಳು ಒಂದೇ ಸಮ ಬೀಳುವುದಿಲ್ಲ. ಯಾಕೆ?

ಕೆಲವು ತಳಿಗಳ ಎಳೆ ಸಸಿಯ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಬಣ್ಣ ತಿಳಿ ಹಸಿರು. ಎಲೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರುತ್ತವೆ. ಇಂಥ ಎಲೆಯ ಮೇಲೆ ನೊಣ ಮೊಟ್ಟೆ ಇಡುವುದು ಕಡಿಮೆ. ಸುಳಿಯಲ್ಲಿ ತೇವವೂ ಕಡಿಮೆ. ಹುಳುವಿಗೆ ಒಳಗೆ ಹೋಗುವುದು ಕಷ್ಟ. ಹೀಗೆ ಬೆಳೆಯೇ ಕೀಟವನ್ನು ತಡೆಯುವುದಕ್ಕೆ ನಿರೋಧಕ ಶಕ್ತಿ ಎನ್ನುತ್ತಾರೆ.

ನಮ್ಮ ಮಾಲದಂಡಿ ಜೋಳಕ್ಕೆ ಈ ಗುಣ ತಕ್ಕಮಟ್ಟಿಗೆ ಇದೆ. ಎಂ 35-1 ಎಂಬುದು ಮಾಲದಂಡಿಯದೇ ತಳಿ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ನಾಡ ಜೋಳದಿಂದ ಆರಿಸಿದ್ದು. 1964ರಲ್ಲಿ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಬಂತು. ಹೈಬ್ರಿಡ್ ಜೋಳ ಇಳುವರಿ ಹೆಚ್ಚು ಕೊಟ್ಟಿತು. ಆದರೆ ಸುಳಿ ನೊಣದ ಕಾಟವೂ ಹೆಚ್ಚಿತು.

ಹಾಗಂತ ಬೀಜ ಒಂದನ್ನೇ ನಂಬಿ ಕೂರಬಾರದು. ಭತ್ತದ ಕಥೆ ಕೇಳ್ರಿ. 1973ರಲ್ಲಿ ಫಿಲಿಪೈನ್ಸ್ ದೇಶದಲ್ಲಿ ಐಆರ್ 26 ಎಂಬ ಭತ್ತ ಬಂತು. ಅದು ಕಂದು ಜಿಗಿಹುಳುವನ್ನು ತಡೆಯಿತು. ಎರಡು ಮೂರು ವರ್ಷದಲ್ಲಿ ಹುಳುವೇ ಬದಲಾಯಿತು. ಅದೇ ಭತ್ತವನ್ನು ತಿನ್ನತೊಡಗಿತು. 1976ರಲ್ಲಿ ಐಆರ್ 36 ಎಂಬ ಬೇರೆ ತಳಿ ತರಬೇಕಾಯಿತು.

ಹಾಗಾದರೆ ನಾವೇನು ಮಾಡೋಣ?

1. ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಮೊದಲಲ್ಲೇ ಬಿತ್ತಿದರೆ ನೊಣದ ಕಾಟ ಹೆಚ್ಚು. ತಿಂಗಳ ಕೊನೆಗೆ, ಹೊಲದ ಹಸಿ ನೋಡಿ ಬಿತ್ತೋಣ.

2. ಅಕ್ಕಪಕ್ಕದ ಹೊಲದವರೆಲ್ಲ ಕೂಡಿ ಒಂದೇ ಸಮಯಕ್ಕೆ ಬಿತ್ತೋಣ.

3. ಬೀಜ ಸ್ವಲ್ಪ ಹೆಚ್ಚು ಹಾಕೋಣ. ಸುಳಿ ಒಣಗಿದ ಸಸಿ ಕಿತ್ತು, ದೂರ ಒಯ್ದು ಹೂಳೋಣ. ದನಕ್ಕೆ ಹಾಕಬಾರದು. ಎಳೆ ಜೋಳದಲ್ಲಿ ವಿಷ ಇರುತ್ತದೆ.

4. ಬೀಜಕ್ಕೆ ತೆನೆ ಆರಿಸುವವರು ನಾವೇ. ದಪ್ಪ ತೆನೆ ನೋಡಿ ಆರಿಸುತ್ತೇವೆ. ಆದರೆ ಸುಳಿಯ ಗುಣ ತೆನೆಯಲ್ಲಿ ಕಾಣುವುದಿಲ್ಲ. ಸಸಿ ಇದ್ದಾಗಲೇ ನೋಡಬೇಕು. ಸುತ್ತಲಿನ ಸಸಿ ಸತ್ತರೂ ಹೊಳೆಯುತ್ತಾ ನಿಂತ ಸಸಿಯ ಪಕ್ಕ ಒಂದು ಕಡ್ಡಿ ನೆಡೋಣ. ಸುಗ್ಗಿಯಲ್ಲಿ ಅದರ ತೆನೆಯನ್ನು ಬೇರೆ ಇಡೋಣ. ಒಂದು ವರ್ಷಕ್ಕೆ ಗುಣ ಗೊತ್ತಾಗುವುದಿಲ್ಲ. ಮೂರು ನಾಲ್ಕು ವರ್ಷ ಹೀಗೇ ಮಾಡಬೇಕು. ಹೈಬ್ರಿಡ್ ಜೋಳದ ತೆನೆ ಮಾತ್ರ ಬೀಜಕ್ಕೆ ಆಗದು.

ಬೀಜದ ಗಡಿಗೆ ನಮ್ಮ ಕೈಯಲ್ಲಿದೆ. ಈಗ ಅಕ್ಷರವೂ ನಮ್ಮ ಕೈಗೆ ಬಂದಿದೆ. ಗಡಿಗೆಯ ಮೇಲೆ ಚೀಟಿ ಅಂಟಿಸೋಣ. ಯಾವ ಜೋಳ, ಯಾವ ಹೊಲ, ಯಾವ ವರ್ಷ ಅಂತ ನಾವೇ ಬರೆಯೋಣ.

ಉತ್ತರ ಹೇಳಿ:
1. ಸುಳಿ ನೊಣ ಎಲ್ಲಿ ಮೊಟ್ಟೆ ಇಡುತ್ತದೆ?
2. ಹೊಳೆಯುವ ಎಲೆಯಿಂದ ಏನು ಲಾಭ?
3. ನಿಮ್ಮ ಮನೆಯ ಬೀಜದ ಜೋಳದ ಹೆಸರು ಬರೆಯಿರಿ.